ಭಾರತದ ಫುಟ್‌ಬಾಲೂ ಚಿಕ್ಕೋಡಿ ಕಡೆಯ ಮಂದಿಯೂ

ಚಿಕ್ಕೋಡಿ, ಅಥಣಿ, ರಾಯಬಾಗ ಕಡೆ ಕುಸ್ತಿ ಅಭಿಮಾನಿಗೆ ಮರ್ಯಾದೆ ಇದೆ, ಕಬಡ್ಡಿ ಅಭಿಮಾನಿಗೆ ಗೆಳೆಯರಿದ್ದಾರೆ, ಕ್ರಿಕೆಟ್ಟಿನವನಿಗಂತೂ ಇಡೀ ಊರೇ ಇದೆ. ಭಾರತದ ಫುಟ್‌ಬಾಲ್ ತಂಡದ ಅಭಿಮಾನಿಗೆ ಮಾತ್ರ ಮುಂದೆ ಹೇಳುವಂಥ ಪ್ರಸಂಗಗಳಿವೆ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ನಡೆದೇ ಹೋಗಿರುತ್ತದೆ.

ನಾನು ಯಡೂರಿನ ಹತ್ತಿರ, ಕೃಷ್ಣಾ ದಂಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದವನು. ಮನೆ ಚಿಕ್ಕೋಡಿಯಲ್ಲಿ. ತರಬೇತಿಗೆಂದು ಒಂದು ವರ್ಷ ಕೊಲ್ಹಾಪುರದಲ್ಲಿದ್ದಾಗ ಅಲ್ಲಿಯ ಪೇಟೆ ಪೇಟೆಗಳ ನಡುವಿನ ಫುಟ್‌ಬಾಲ್ ಪಂದ್ಯ ನೋಡಿ ಹುಚ್ಚು ಹಿಡಿಯಿತು. ಹುಚ್ಚು ಹೇಗೂ ಹಿಡಿದಿದೆ, ಹಿಡಿದ ಮೇಲೆ ಸ್ವಂತ ದೇಶದ ತಂಡ ಬಿಟ್ಟು ಬ್ರೆಜಿಲ್ಲಿನವರನ್ನು ಯಾಕೆ ಹಚ್ಚಿಕೊಳ್ಳಲಿ ಎಂದುಕೊಂಡೆ. ಅಂದಿನಿಂದ ನಮ್ಮ ತಂಡದ ಸೋಲು ಗೆಲುವಿಗೆಲ್ಲ ನಾನೇ ಜವಾಬ್ದಾರ ಎಂಬಂತೆ ಈ ಕಡೆಯ ಮಂದಿ ನನ್ನನ್ನು ಕೇಳುತ್ತ ಬಂದರು. ನಾನೂ ಜವಾಬು ಕೊಡುತ್ತ ಬಂದೆ.

ಅರವತ್ತೆರಡರ ಯುದ್ಧ

2002ರ ಜೂನ್. ಜಪಾನ್, ಕೊರಿಯಾಗಳಲ್ಲಿ ವಿಶ್ವಕಪ್ ನಡೆದಿತ್ತು. ಸ್ಟಾಫ್ ರೂಮಿನಲ್ಲಿ ನಾನು ಪೇಪರ್ ಹಿಡಿದು ಕೂತಿದ್ದಾಗ ಇತಿಹಾಸದ ಮಾಸ್ತರರು ಬಂದು ಬಗ್ಗಿ ನೋಡಿದರು.

"ಭಾರತ ಯಾವ ಗ್ರೂಪಿನಾಗ ಐತ್ರಿ?"

"ಇದರಾಗ ಇಲ್ರಿ."

"ಮತ್ತ ಯಾವುದರಾಗ ಐತಿ?"

ಸ್ಟಾಫ್ ರೂಮೆಲ್ಲ ನಕ್ಕಿತು. ನನಗೆ ಉರಿಯಿತು. ಮುಂದಿನ ಪಿರಿಯಡ್ಡು ಒಂಬತ್ತನೇ ತರಗತಿಗೆ ಪಿ.ಟಿ. ಇತ್ತು. ಹುಡುಗರನ್ನು ಬೇವಿನ ಮರದ ಕೆಳಗೆ ಕೂಡಿಸಿ, ಆಟ ಬಿಟ್ಟು ಪಾಠ ಮಾಡಿದೆ. ಐವತ್ತೊಂದರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್, ಇರಾನನ್ನು ಸೋಲಿಸಿ ಬಂಗಾರ. ಐವತ್ತಾರರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್, ನಾಲ್ಕನೇ ಸ್ಥಾನ. ಅರವತ್ತೆರಡರಲ್ಲಿ ಜಕಾರ್ತಾ, ಫೈನಲ್ಲಿನಲ್ಲಿ ದಕ್ಷಿಣ ಕೊರಿಯಾವನ್ನು ಎರಡು–ಒಂದರಿಂದ ಹೊಡೆದು ಮತ್ತೆ ಬಂಗಾರ. "ಬಾಯಿಪಾಠ ಮಾಡ್ರಿ, ಯಾರರೆ ಕೇಳಿದ್ರ ತಟ್ಟನ ಹೇಳಬೇಕು" ಎಂದು ತಾಕೀತು ಮಾಡಿದೆ. ಹುಡುಗರಿಗೂ ಮೈ ಉಬ್ಬಿತ್ತು. ಮೂರು ಸಲ ಹೇಳಿಸಿದೆ.

ತಿಂಗಳ ನಂತರ ಕಿರುಪರೀಕ್ಷೆ. ಇತಿಹಾಸದ ಮಾಸ್ತರರು ಉತ್ತರ ಪತ್ರಿಕೆಯ ಕಟ್ಟನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. "1962ರ ಯುದ್ಧದಲ್ಲಿ ಭಾರತಕ್ಕೆ ಏನಾಯಿತು?" ಎಂಬುದು ಅವರ ಪ್ರಶ್ನೆ. ಇಡೀ ತರಗತಿ ಒಂದೇ ಉತ್ತರ ಬರೆದಿತ್ತು: "ಎರಡು–ಒಂದು ಗೋಲುಗಳಿಂದ ಭಾರತಕ್ಕೆ ಜಯ."

"ನಲವತ್ತು ವರ್ಷದಿಂದ ಚೀನಾದ ಮುಂದ ಸೋತೇವಿ ಅಂತ ನಾವು ಪಾಠ ಮಾಡ್ಕೋತ ಬಂದೇವಿ. ನೀವು ಒಂದ ಪಿರಿಯಡ್ಡಿನಾಗ ಗೆಲ್ಲಿಸಿಬಿಟ್ರೆಲ್ರಿ!"

ನಾನು ಮೆಲ್ಲಗೆ ಕೇಳಿದೆ, "ಮಾರ್ಕ್ಸ್ ಏನರೆ ಕೊಟ್ಟೀರೇನ್ರಿ?"

"ಅರ್ಧರ್ಧ ಕೊಟ್ಟೇನಿ," ಎಂದು ಮುಖ ತಿರುವಿದರು. "ಓದಿದಾಗ ನನಗೂ ಒಂಚೂರು ಛಲೋ ಅನಿಸ್ತು."

ಪಾದದ ಅಳತೆ

ಕೆಲವು ವರ್ಷಗಳ ಮೇಲೆ ಕ್ರೀಡಾಕೂಟಕ್ಕೆಂದು ಹುಡುಗರನ್ನು ಕರೆದುಕೊಂಡು ಅಥಣಿಗೆ ಹೋಗಿದ್ದೆ. ಮೈದಾನದಲ್ಲಿ ಓಡಾಡುವಾಗ ನನ್ನ ಚಪ್ಪಲಿಯ ಉಂಗುಟ ಕಿತ್ತಿತು. ಅಥಣಿಯಲ್ಲಿ ಚಪ್ಪಲಿ ಕಿತ್ತರೆ ಚಿಂತೆಯಿಲ್ಲ, ಓಣಿ ತುಂಬ ಚಪ್ಪಲಿ ಹೊಲಿಯುವವರೇ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಿರಿಯರ ಮುಂದೆ ಚಪ್ಪಲಿ ಬಿಟ್ಟು ನಿಂತೆ. ಅವರು ನನ್ನ ಜೊತೆ ಬಂದ ಹುಡುಗರ ಕಾಲು ನೋಡಿದರು.

"ಬರಿಗಾಲಾಗ ಆಡಸ್ತೀರೇನ್ರಿ ಇವರನ್ನ?"

ನಾನು ಎದೆ ಉಬ್ಬಿಸಿ ಹೇಳಿದೆ. "ಬರಿಗಾಲು ಅಂತ ಹಗುರ ಮಾಡಬ್ಯಾಡ್ರಿ. ನಲವತ್ತೆಂಟರಾಗ ಲಂಡನ್ ಒಲಿಂಪಿಕ್ಸಿನೊಳಗ ನಮ್ಮ ತಂಡದ ಭಾಳ ಮಂದಿ ಬರಿಗಾಲಾಗ ಆಡಿದ್ರು. ಫ್ರಾನ್ಸಿನವರಿಗೆ ಬೆವರಿಳಿಸಿ, ಬರೇ ಒಂದ ಗೋಲಿನಿಂದ ಸೋತ್ರು. ಐವತ್ತರಾಗ ಬ್ರೆಜಿಲ್ಲಿಗೆ ವಿಶ್ವಕಪ್ ಆಡಾಕ ಕರೆ ಬಂದಿತ್ತು. ಬೂಟ್ ಇಲ್ಲದ ಆಡಾಕ ಬಿಡಲಿಲ್ಲ, ಅದಕ್ಕ ಹೋಗಲಿಲ್ಲ ಅಂತ ಮಂದಿ ಹೇಳ್ತಾರ. ಖರೆನೋ ಸುಳ್ಳೋ ದೇವರಿಗೆ ಗೊತ್ತು."

ಅವರ ಕೈಯಲ್ಲಿದ್ದ ಉಳಿ ನಿಂತಿತು.

"ಆಡಾವ್ರು ಎಷ್ಟ ಮಂದಿ?"

"ಹನ್ನೊಂದು."

"ಹನ್ನೊಂದ ಜೋಡಿ!" ಅವರ ದನಿ ಏರಿತು. "ಹನ್ನೊಂದ ಜೋಡಿ ಸಲುವಾಗಿ ಜಗತ್ತಿನ ಕಪ್ ಬಿಟ್ಟು ಕುಂತ್ರೇನ್ರಿ? ನಮ್ಮ ಅಜ್ಜ ಆಗ ಇದ ಕಟ್ಟಿ ಮ್ಯಾಲ ಕುಂತಿದ್ದ. ಒಂದು ಕಾಗದ ಹಾಕಿದ್ರ ಎಂಟ ದಿನದಾಗ ಹೊಲದು ಕಳಸ್ತಿದ್ದ."

"ಚಪ್ಪಲಿ ಹಾಕ್ಕೊಂಡು ಫುಟ್‌ಬಾಲ್ ಆಡಾಕ ಬರಂಗಿಲ್ರಿ ಯಜಮಾನ್ರ."

"ಯಾಕ ಬರಂಗಿಲ್ಲ? ನಮ್ಮ ಚಪ್ಪಲಿ ಕರ್‌ಕರ್ ಅಂತ ಸಪ್ಪಳ ಮಾಡ್ಕೋತ ಹೊಂಟ್ರ ಗೌಡ್ರ ಬಂದ್ರು ಅಂತ ಮಂದಿ ದಾರಿ ಬಿಡ್ತಾರ. ಬ್ರೆಜಿಲ್ಲಿನಾವ ಬಿಡಂಗಿಲ್ಲೇನು?"

ಚಪ್ಪಲಿ ಕೊಟ್ಟು ಕಳಿಸುವಾಗ ಅವರು ಗಂಭೀರವಾಗಿ ಹೇಳಿದರು, "ಮುಂದಿನ ಸಲ ನಮ್ಮವರು ವಿಶ್ವಕಪ್ಪಿಗೆ ಹೋಗೂದು ಗೊತ್ತಾದ ಕೂಡ್ಲೆ ಪಾದದ ಅಳತಿ ಕಳಸಾಕ ಹೇಳ್ರಿ. ಹನ್ನೊಂದೂ ನಾನ ಹೊಲದು ಕೊಡ್ತೇನಿ."

ಆಮೇಲೆ ಅಥಣಿಗೆ ಹೋದಾಗಲೆಲ್ಲ ಅವರು ಕಟ್ಟೆಯಿಂದಲೇ ಕೂಗಿ ಕೇಳುತ್ತಿದ್ದರು, "ಮಾಸ್ತರ್ರ, ಅಳತಿ ಬಂತೇನ್ರಿ?"

ಪಟಗಾ

2011ರ ಜನವರಿ. ಇಪ್ಪತ್ತೇಳು ವರ್ಷಗಳ ನಂತರ ನಮ್ಮ ತಂಡ ಏಷ್ಯಾ ಕಪ್ ಆಡಲು ಕತಾರಿನ ದೋಹಾಕ್ಕೆ ಹೋಗಿತ್ತು. ಹೋದದ್ದೇ ದೊಡ್ಡದು ಎಂದು ನನಗೆ ಅನಿಸಿತ್ತು. ಆಸ್ಟ್ರೇಲಿಯಾ ನಾಲ್ಕು ಗೋಲು ಹೊಡೆಯಿತು, ಬಹರೈನ್ ಐದು ಹೊಡೆಯಿತು. ಕೊನೆಯ ಪಂದ್ಯ ದಕ್ಷಿಣ ಕೊರಿಯಾದ ಮೇಲೆ. ಅದನ್ನು ಒಬ್ಬನೇ ನೋಡುವ ಧೈರ್ಯವಾಗದೆ ಸದಲಗಾಕ್ಕೆ, ಹಾಲಿನ ಡೇರಿ ನಡೆಸುವ ನನ್ನ ಭಾವನ ಮನೆಗೆ ಹೋದೆ.

ಸಂಜೆ ಹಾಲು ಹಾಕುವ ಹೊತ್ತು. ಹೊರಗಿನ ಕೋಣೆಯಲ್ಲಿ ಮೇಜಿನ ಮೇಲೆ ಹಳೆಯ ದೊಡ್ಡ ಟಿ.ವಿ. ಕ್ಯಾನು ಹಿಡಿದು ಬಂದವರೆಲ್ಲ ಹಾಲು ಅಳೆಸಿ ಅಲ್ಲೇ ನಿಂತರು. ಅವರಲ್ಲಿ ಒಬ್ಬ ಮುದುಕ ಪೈಲ್ವಾನನೂ ಇದ್ದ. ಒಂದು ಕಾಲದಲ್ಲಿ ಕೊಲ್ಹಾಪುರದ ಅಖಾಡಾಗಳಲ್ಲಿ ಹೆಸರು ಮಾಡಿದವನಂತೆ. ಫುಟ್‌ಬಾಲ್ ಅವನು ನೋಡಿದ್ದು ಅದೇ ಮೊದಲು.

ಹತ್ತು ನಿಮಿಷದೊಳಗೆ ಎರಡು ಗೋಲು ಬಿದ್ದವು. ನಮ್ಮವನೊಬ್ಬ ಪೆನಾಲ್ಟಿಯಲ್ಲಿ ಒಂದು ತೀರಿಸಿದಾಗ ನಾನು ಕುಣಿದು ಒಬ್ಬರ ಕ್ಯಾನು ಉರುಳಿಸಿದೆ. ಪುಣ್ಯಕ್ಕೆ ಖಾಲಿಯಿತ್ತು. ಆಮೇಲೆ ಕೊರಿಯಾದವರು ಮತ್ತೊಂದು ಹೊಡೆದರು. ಅಲ್ಲಿಂದ ಚೆಂಡು ನಮ್ಮ ಬಲೆಯ ಮುಂದೆಯೇ ಬಿಡಾರ ಹೂಡಿತು. ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ, ನಮ್ಮ ಗೋಲ್‌ಕೀಪರ್ ಹಾರಿ ಹಾರಿ ತಡೆದ. ಪೈಲ್ವಾನ ಮುಂದೆ ಸರಿದು ನೆಲದ ಮೇಲೆ ಕೂತ.

"ಈ ಬಲಿ ಮುಂದ ನಿಂತಾವ ಯಾರವ?"

"ನಮ್ಮವನ ಅಜ್ಜಾ."

"ಉಳದ ಹತ್ತ ಮಂದಿ?"

"ಅವ್ರೂ ನಮ್ಮವ್ರ."

"ಹಂಗಾರ ಇವ ಒಬ್ಬನ ಹನ್ನೊಂದ ಮಂದಿ ಜೋಡಿ ಕುಸ್ತಿ ಹಿಡದಾನ. ಆ ಹತ್ತ ಮಂದಿ ನೋಡಾಕ ಬಂದಾರೇನು?"

ಎರಡನೇ ಅರ್ಧದಲ್ಲಿ ಇನ್ನು ಹತ್ತು ನಿಮಿಷ ಉಳಿಯುವವರೆಗೆ ಆ ಹುಡುಗ ಒಂದನ್ನೂ ಒಳಗೆ ಬಿಡಲಿಲ್ಲ. ಕೊನೆಗೆ ನಾಲ್ಕು–ಒಂದರಿಂದ ಸೋತೆವು. ನಾನು ತಲೆ ತಗ್ಗಿಸಿ ಕೂತೆ. ಪೈಲ್ವಾನ ಮಾತ್ರ ಎದ್ದು ನಿಂತ. ಪರದೆಯ ಮೇಲೆ ಗೋಲ್‌ಕೀಪರನ ಮುಖ ಬಂತು. ಪೈಲ್ವಾನ ತಲೆಗೆ ಸುತ್ತಿದ್ದ ತನ್ನ ಪಟಗಾ, ಆ ಉದ್ದನೆಯ ರುಮಾಲು, ಬಿಚ್ಚಿ, ಟಿ.ವಿ.ಯ ಸುತ್ತ ಸುತ್ತಿ, ಗಂಟು ಹಾಕಿ, ಕೈ ಮುಗಿದ.

"ಅಜ್ಜಾ, ಪಟಗಾ ಸುತ್ತೂದು ಗೆದ್ದಾವ್ರಿಗೆ. ಗೆದ್ದಾವ್ರು ಕೊರಿಯಾದವ್ರು," ಎಂದ ನನ್ನ ಭಾವ.

"ಗೆಲ್ಲೂದು ಯಾರರೆ ಗೆಲ್ತಾರ. ಇಷ್ಟ ಮಂದಿ ಕೆಡವಾಕ ಬಂದಾಗ ಮತ್ತ ಮತ್ತ ಏಳೂದು ಪೈಲ್ವಾನನ ಕೆಲಸ."

ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಧಾರಾವಾಹಿ ನೋಡಲೆಂದು ಒಳಗಿನಿಂದ ಬಂದ ನನ್ನ ಅಕ್ಕ ಪಟಗಾ ಸುತ್ತಿಕೊಂಡ ಟಿ.ವಿ.ಯನ್ನು ಕಂಡು ಬಾಗಿಲಲ್ಲೇ ನಿಂತಳು.

"ಅಯ್ಯ ಇದ್ಯಾಕ್ರಿ, ಟಿ.ವಿ. ಲಗ್ನ ಮಾಡಾಕತ್ತೀರೇನು?"

ನೂರಾ ಎಪ್ಪತ್ಮೂರು

2015ರಲ್ಲಿ ನಮ್ಮ ತಂಡದ ಜಾಗತಿಕ ರ್‍ಯಾಂಕು ನೂರಾ ಎಪ್ಪತ್ಮೂರಕ್ಕೆ ಕುಸಿಯಿತು. ಅದಕ್ಕಿಂತ ಕೆಳಗೆ ಎಂದೂ ಹೋಗಿರಲಿಲ್ಲ. ನಿಪ್ಪಾಣಿಯ ಗೆಳೆಯನೊಬ್ಬ ಬೇಕೆಂದೇ ಫೋನು ಮಾಡಿ, "ಕಾಯ್ ಮಾಸ್ತರ, ಭಾರತಕ್ಕ ಎಷ್ಟ ಬಂತು?" ಎಂದು ಮರಾಠಿ ಬೆರೆಸಿ ಕೇಳಿದ. ನಾನು ಅಂಗಳದಲ್ಲಿ ನಿಂತು, ಸಿಟ್ಟಿನಲ್ಲಿ ಜೋರಾಗಿಯೇ ಹೇಳಿದೆ, "ಭಾರತಕ್ಕ ನೂರಾ ಎಪ್ಪತ್ಮೂರನೇ ರ್‍ಯಾಂಕು! ಈಗರೆ ಸಮಾಧಾನ ಆತಿಲ್ಲೊ?"

ಗೋಡೆಯಾಚೆ ಪಕ್ಕದ ಮನೆಯ ಅಕ್ಕಾವ್ರು ಬಟ್ಟೆ ಒಣಹಾಕುತ್ತಿದ್ದರು. ಅವರ ಮಗಳು ಆ ವರ್ಷ ಸಿ.ಇ.ಟಿ.ಗೆ ಓದುತ್ತಿದ್ದಳು. ರ್‍ಯಾಂಕು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕಾವ್ರು ಬಟ್ಟಲಲ್ಲಿ ಸಕ್ಕರೆ ಹಿಡಿದು ಬಂದರು.

"ನೂರಾ ಎಪ್ಪತ್ಮೂರಾ! ಏನ ಶಾಣ್ಯಾ ಅದಾನ್ರಿ ಭರತ! ನಿಮ್ಮ ತಮ್ಮನ ಮಗನೇನ್ರಿ? ಸರಕಾರಿ ಸೀಟಂತೂ ಎಲ್ಲೂ ಹೋಗಂಗಿಲ್ಲ."

"ಇದು ಜಗತ್ತಿನ ಲೆಕ್ಕದಾಗ್ರಿ ಅಕ್ಕಾವ್ರ," ಎಂದು ತಡವರಿಸಿದೆ.

"ಜಗತ್ತಿನಾಗಾ!" ಅಕ್ಕಾವ್ರು ಅಲ್ಲಿಂದಲೇ ಮಗಳನ್ನು ಕೂಗಿದರು. "ಬಾ ಬೇ ಇಲ್ಲೆ, ಕೇಳ! ಇಡೀ ಜಗತ್ತಿನಾಗ ನೂರಾ ಎಪ್ಪತ್ಮೂರು!"

ತಂಡ ಕುಸಿದು ಬಿದ್ದ ದಿನ ಅದಕ್ಕೆ ಸಿಕ್ಕ ಏಕೈಕ ಮೆಚ್ಚುಗೆ ಅದು. ಕಳೆದುಕೊಳ್ಳಲು ಮನಸ್ಸಾಗದೆ ಸಕ್ಕರೆ ಬಾಯಿಗೆ ಹಾಕಿಕೊಂಡೆ.

ನಮ್ಮ ಹುಡುಗರು ಬಿದ್ದಲ್ಲೇ ಇರಲಿಲ್ಲ. ಒಂದೊಂದೇ ಪಂದ್ಯ ಗೆಲ್ಲುತ್ತ ಎರಡು ವರ್ಷದಲ್ಲಿ ತೊಂಬತ್ತಾರಕ್ಕೆ ಏರಿದರು. ನೂರರೊಳಗೆ! ಆ ದಿನ ನಾನೇ ಸಕ್ಕರೆ ಬಟ್ಟಲು ಹಿಡಿದು ಪಕ್ಕದ ಮನೆಗೆ ಓಡಿದೆ. ಅಕ್ಕಾವ್ರ ಮಗಳು ಅಷ್ಟರಲ್ಲಿ ಬೆಳಗಾವಿಯಲ್ಲಿ ಎರಡನೇ ವರ್ಷ ಓದುತ್ತಿದ್ದಳು.

"ಅಕ್ಕಾವ್ರ, ಈ ಸಲ ತೊಂಬತ್ತಾರು!"

ಅಕ್ಕಾವ್ರ ಮುಖ ಬಾಡಿತು. ಸಕ್ಕರೆ ಮುಟ್ಟದೆ ಮೆಲ್ಲಗೆ ಕೇಳಿದರು, "ಪಾಪ, ಭರತಗ ಇನ್ನೂ ಸೀಟ ಸಿಕ್ಕಿಲ್ಲೇನ್ರಿ?"

ಏನೂ ಆಗದ ದಿನ

2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಳು. ನಮ್ಮ ಶಾಲೆಯಲ್ಲಿ ನೀರು ಕಿಟಕಿಯ ಮಟ್ಟಕ್ಕೆ ನಿಂತಿತ್ತು. ಇಳಿದ ಮೇಲೆ ನೋಡಿದರೆ ಕೋಣೆಗಳಲ್ಲಿ ಮೊಣಕಾಲುದ್ದ ರಾಡಿ, ಮೈದಾನದ ಗೋಲ್ ಕಂಬಗಳಿಗೆ ಸಿಕ್ಕಿಕೊಂಡ ಕಬ್ಬಿನ ರವದಿ, ಒಣಗಿದ ಗರಿ. ಪರಿಹಾರ ಕೇಂದ್ರಗಳಿಂದ ಮಂದಿ ಒಬ್ಬೊಬ್ಬರಾಗಿ ಮರಳಿ, ತಮ್ಮ ಮನೆ ತೊಳೆದು, ಆಮೇಲೆ ಶಾಲೆ ತೊಳೆಯಲು ಬರುತ್ತಿದ್ದರು. ಬಂದವರೆಲ್ಲ ತಮ್ಮ ತಮ್ಮ ಸುದ್ದಿ ಹೇಳುತ್ತಿದ್ದರು. ಕೇಳಿ ಕೇಳಿ ನಾವೂ ಸೋತಿದ್ದೆವು.

ಸೆಪ್ಟೆಂಬರಿನ ಒಂದು ಮುಂಜಾನೆ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಮೊಬೈಲು ತೆರೆದವನು ಕೂಗಿಯೇಬಿಟ್ಟೆ. ಹಿಂದಿನ ದಿನ ವಿಶ್ವಕಪ್ಪಿನ ಅರ್ಹತಾ ಪಂದ್ಯ ದೋಹಾದಲ್ಲಿ ನಡೆದಿತ್ತು. ಎದುರಿಗೆ ಅದೇ ವರ್ಷ ಏಷ್ಯಾ ಕಪ್ ಗೆದ್ದ ಕತಾರ್. ನಮ್ಮ ನಾಯಕನಿಗೆ ಆರಾಮಿಲ್ಲದೆ ಆಡಿರಲಿಲ್ಲ. ಕತಾರಿನವರು ಬಲೆಯತ್ತ ಸಾಲು ಸಾಲಾಗಿ ಚೆಂಡು ಹೊಡೆದಿದ್ದರು, ನಮ್ಮ ಗೋಲ್‌ಕೀಪರ್ ಎಲ್ಲವನ್ನೂ ತಡೆದಿದ್ದ. ಸೊನ್ನೆ–ಸೊನ್ನೆ! ಬಸ್ಸು ಬಿಟ್ಟು ಹೋದರೂ ಚಿಂತೆಯಿಲ್ಲವೆಂದು ಅಂಗಡಿಗೆ ಓಡಿ ಎರಡು ಕಿಲೋ ಪೇಢೆ ಕಟ್ಟಿಸಿದೆ.

ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಅಕ್ಕ ಪೊರಕೆ ಹಿಡಿದು ವರಾಂಡ ತೊಳೆಯುತ್ತಿದ್ದಳು. ಅವಳ ಮನೆಯ ಒಂದು ಗೋಡೆ ಹೋಗಿತ್ತು, ವರ್ಷದ ಜೋಳ ಹೋಗಿತ್ತು. ಮೊದಲ ಪೇಢೆ ಅವಳ ಕೈಗೇ ಇಟ್ಟೆ.

"ಏನ್ರಿ ಸರ್, ವಿಶೇಷ?"

"ನಿನ್ನೆ ಭಾರತದ ಫುಟ್‌ಬಾಲ್ ಮ್ಯಾಚ್ ಇತ್ತು ಅಕ್ಕಾ!"

"ಗೆದ್ರೇನ್ರಿ?"

"ಇಲ್ಲ."

"ಸೋತ್ರೇನ್ರಿ?"

"ಇಲ್ಲ!"

"ನಾವು ಗೋಲ್ ಎಷ್ಟ ಹೊಡದ್ವಿ?"

"ಒಂದೂ ಇಲ್ಲ."

"ಅವ್ರು?"

"ಅವ್ರೂ ಇಲ್ಲ!"

ರಾಡಿ ಬಳಿಯುತ್ತಿದ್ದವರೆಲ್ಲ ಕೆಲಸ ನಿಲ್ಲಿಸಿ ನನ್ನನ್ನೇ ನೋಡತೊಡಗಿದರು. ಹೆಡ್‌ಮಾಸ್ತರರು, ನೆರೆ ಬಂದು ಇವನ ತಲೆ ಕೆಟ್ಟಿತೇ ಎಂಬಂತೆ, ಮುಖ ಗಂಟಿಕ್ಕಿ ನಿಂತರು.

"ಅಂದ್ರ," ಅಕ್ಕ ಪೇಢೆಯನ್ನೂ ನನ್ನನ್ನೂ ನೋಡಿ ಒಂದೊಂದೇ ಮಾತು ಜೋಡಿಸಿದಳು, "ಏನೂ ಆಗಿಲ್ಲ."

"ಹೌದು ಅಕ್ಕಾ. ಅಷ್ಟ ದೊಡ್ಡವರು ಮೈಮ್ಯಾಲ ಬಂದ್ರೂ ನಮ್ಮವರಿಗೆ ಏನೂ ಆಗಿಲ್ಲ!"

ಅಕ್ಕ ಪೊರಕೆಯನ್ನು ಗೋಡೆಗೆ ಆನಿಸಿದಳು. ಪೇಢೆಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ತಿಂದು ಮುಗಿಸಿದಳು. ಸೆರಗಿಗೆ ಕೈ ಒರೆಸಿ ಮತ್ತೆ ಚಾಚಿದಳು.

"ತಿಂಗಳಾತ್ರಿ ಸರ್, ಬಂದಾವ್ರೆಲ್ಲ ಗ್ವಾಡಿ ಬಿತ್ತು, ಎಮ್ಮಿ ಹೋತು, ಕಬ್ಬ ಕೊಳೀತು ಅಂತನ ಹೇಳ್ತಾರ. ಏನೂ ಆಗಿಲ್ಲ ಅಂತ ಸುದ್ದಿ ತಂದಾವ್ರು ನೀವ ಮೊದಲಿಗರು. ಇನ್ನೆರಡ ಪೇಢೆ ಕೊಡ್ರಿ ಇಲ್ಲೆ!"