ಬಿಸಿಲಿಗೆ ನೊಗ ಕಟ್ಟಿದ ಮಾವ

ನಮ್ಮ ಸೋದರಮಾವನಷ್ಟು ಹಟಮಾರಿ ಮನುಷ್ಯ ಕೂಡ್ಲಿಗಿ ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ, ನನ್ನ ಮೇಷ್ಟ್ರ ಪೆನ್ಷನ್ ಬಿಟ್ಟುಕೊಡುತ್ತೇನೆ! ನಮ್ಮ ಕಡೆಯ ಬಿಸಿಲಿಗೆ ಜನ ಛತ್ರಿ ಹಿಡಿಯುತ್ತಾರೆ, ತಲೆಗೆ ಟವೆಲ್ ಸುತ್ತುತ್ತಾರೆ, ಏನೂ ಆಗದಿದ್ದರೆ ಬಾಯಿಗೆ ಬಂದಂತೆ ಬೈಯುತ್ತಾರೆ. ಆ ಬಿಸಿಲನ್ನು ಹಿಡಿದು ತಂದು ಮನೆಗೆಲಸಕ್ಕೆ ಇಟ್ಟುಕೊಂಡವರು ಮಾವ ಒಬ್ಬರೇ. ಅದೂ ಎಂಬತ್ತರ ದಶಕದಲ್ಲಿ, ಅದೂ ಹೆಂಡತಿಯ ಸೇವೆಗೆ!

ಮಾವನಿಗೆ ಕೂಡ್ಲಿಗಿಯಲ್ಲಿ ಹಿಟ್ಟಿನ ಗಿರಣಿಯಿತ್ತು. ಅವರ ಹಣೆಯಲ್ಲಿ ವಿಭೂತಿ ಎಲ್ಲಿ ಮುಗಿಯುತ್ತಿತ್ತು, ಜೋಳದ ಹಿಟ್ಟು ಎಲ್ಲಿ ಶುರುವಾಗುತ್ತಿತ್ತು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಅತ್ತೆಗೆ ಉಬ್ಬಸ. ಮುಖಕ್ಕೆ ಗಾಳಿ ಬೀಸುತ್ತಿದ್ದರೆ ಸಲೀಸಾಗಿ ಉಸಿರಾಡುವರು, ಗಾಳಿ ನಿಂತರೆ ಎದೆ ಹಿಡಿದುಕೊಂಡು ಒದ್ದಾಡುವರು. ಹೀಗಾಗಿ ಹನ್ನೊಂದು ವರ್ಷದಿಂದ ಅವರು ಪಡಸಾಲೆಯ ಫ್ಯಾನಿನ ಕೆಳಗಿನಿಂದ ಕದಲಿರಲಿಲ್ಲ. ಮದುವೆ, ಮುಂಜಿ, ಸಾವು, ಸೀಮಂತ ಎಲ್ಲವೂ ಅವರಿಲ್ಲದೇ ನಡೆದುಹೋಗುತ್ತಿದ್ದವು.

ಹೀಗಿರುವಾಗ ಹಂಪಸಾಗರದಿಂದ ಅತ್ತೆಯ ಅಕ್ಕನ ಕಾಗದ ಬಂತು. ಯಾರ ಕೈಲೋ ಬರೆಸಿದ್ದು. ಕಣ್ಣು ದಿನೇ ದಿನೇ ಮಂಜಾಗುತ್ತಿದೆ, ಡಾಕ್ಟರು ಕೈ ಚೆಲ್ಲಿದ್ದಾರೆ, ಪೂರ್ತಿ ಕತ್ತಲಾಗುವುದರೊಳಗೆ ನಿನ್ನ ಮುಖ ಒಮ್ಮೆ ನೋಡಬೇಕು ಎಂದಿತ್ತು. ಅವರಿಗೆ ಮಂಡಿ ಹಿಡಿದು ಹೊಸ್ತಿಲು ದಾಟುವುದೂ ಕಷ್ಟ, ಇವರಿಗೆ ಉಸಿರು ಕಷ್ಟ. ಅತ್ತೆ ಕಾಗದವನ್ನು ಮಡಿಸಿ ದಿಂಬಿನ ಕೆಳಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರಂತೆ. ಮಾವ ಆ ಮಧ್ಯಾಹ್ನವೇ ಗಿರಣಿ ಬಂದ್ ಮಾಡಿ ಎದ್ದುಹೋದವರು ಮೂರನೇ ದಿನ ಒಂದು ವ್ಯಾನಿನಲ್ಲಿ ಬಂದಿಳಿದರು.

ಎಂಥ ವ್ಯಾನು! ಯಾವುದೋ ಬೇಕರಿಯವರು ಬನ್ನು ಸಾಗಿಸಿ ಸಾಗಿಸಿ ಕೈಬಿಟ್ಟದ್ದು. ಮಾವ ಅದರೊಳಗೆ ಮಂಚ ಕೂರಿಸಿದರು, ಸ್ಟೌ ಇಡಲು ಕಟ್ಟೆ ಮಾಡಿದರು, ನೀರಿನ ಕೊಡಕ್ಕೆ ಸಿಂಬಿ ಬೆಸೆದರು, ಕಿಟಕಿಗೆ ಅತ್ತೆಯ ಹಳೇ ಇಳಕಲ್ ಸೀರೆಯ ಪರದೆ ಹಾಕಿದರು. ಲಾರಿ ಡ್ರೈವರುಗಳ ಮುಖದ ಮುಂದೆ ತಿರುಗುವಂಥ ಪುಟ್ಟ ಫ್ಯಾನನ್ನು ಮಂಚದ ತಲೆಗೆ ಕಟ್ಟಿ, ಕೆಳಗೊಂದು ಲಾರಿ ಬ್ಯಾಟರಿ ಇಟ್ಟರು. ಮನೆಯೇನೋ ತಯಾರಾಯಿತು. ಆದರೆ ಅತ್ತೆ ಅಕ್ಕನ ಹತ್ತಿರ ನಾಲ್ಕು ದಿನವಾದರೂ ಇರಬೇಡವೇ? ಬ್ಯಾಟರಿ ಒಂದೇ ದಿನಕ್ಕೆ ಖಾಲಿ. ಹಂಪಸಾಗರದ ಕರೆಂಟೋ, ಬಂದರೆ ಬಂತು, ಹೋದರೆ ಹೋಯಿತು.

ಆಗ ಮಾವ ಪೇಪರಿನಲ್ಲಿ ಎಲ್ಲೋ ಓದಿದ್ದ ಸೋಲಾರ್ ಪ್ಲೇಟು ನೆನಪಾಗಿ ಬೆಂಗಳೂರಿನ ಬಸ್ಸು ಹತ್ತಿದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಏಕೆಂದರೆ ನಾನು ಹಗರಿಬೊಮ್ಮನಹಳ್ಳಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಬೋರ್ಡಿನ ಮೇಲೆ ಸೂರ್ಯನನ್ನು ದುಂಡಗೆ ಬರೆಯುವುದು ಬಿಟ್ಟರೆ ಆತನ ಜೊತೆ ನನಗೆ ಯಾವ ವ್ಯವಹಾರವೂ ಇಲ್ಲ ಎಂದು ಹೇಳಿಕೊಳ್ಳಲು ನನಗೂ ಮರ್ಯಾದೆ ಅಡ್ಡ ಬಂತು.

ಅಂಗಡಿಯವನು ಪ್ಯಾಂಟು ಶರ್ಟಿನ ಮನುಷ್ಯ. ಇದು ಯಾವ ಪ್ರಾಜೆಕ್ಟಿಗೆ, ರೈಲ್ವೆಯದೋ ಟೆಲಿಫೋನಿನದೋ ಎಂದು ಕೇಳಿದ. ‘ನಮ್ಮ ಮನಿಯಾಕಿದು’ ಎಂದರು ಮಾವ. ಆಮೇಲೆ ಶುರುವಾಯಿತು ನೋಡಿ ಪರೀಕ್ಷೆ! ಸಂತೆಯಲ್ಲಿ ಹೋರಿ ಆರಿಸುವವರಂತೆ ಪ್ಲೇಟಿನ ಬೆನ್ನು ತಟ್ಟಿದರು, ಅಂಚು ಸವರಿದರು, ವಯಸ್ಸು ಕೇಳಿದರು. ಎಲ್ಲವನ್ನೂ ಬಿಸಿಲಿಗೆ ತರಿಸಿ, ಒಂದೊಂದಕ್ಕೂ ಬಲ್ಬು ಸಿಕ್ಕಿಸಿ ಉರಿಸಿ, ತಮ್ಮ ಟವೆಲ್ಲನ್ನು ಅರ್ಧಕ್ಕೆ ಹೊದಿಸಿ ಬಲ್ಬು ಎಷ್ಟು ಮಂಕಾಗುತ್ತದೆಂದು ನೋಡಿದರು. ಇಪ್ಪತ್ತು ವರ್ಷ ಬಾಳಿಕೆ ಬರುತ್ತದೆ ಎಂದು ಅಂಗಡಿಯವನು ಹೇಳಿದ್ದಕ್ಕೆ, ಆಗ ಬಂದು ಕೇಳಲು ನೀವು ಇಲ್ಲೇ ಇರುತ್ತೀರಾ ಎಂದರು. ಸಂಜೆಯ ಹೊತ್ತಿಗೆ ಎರಡು ಪ್ಲೇಟು ನಮ್ಮವಾದವು, ಅಂಗಡಿಯವನ ಮೂಗಿನ ತುದಿ ಬಿಸಿಲಿಗೆ ಕೆಂಪಾಗಿತ್ತು.

ಜೋಡಿಸುವಾಗ ನನ್ನ ಪಾಂಡಿತ್ಯ ತೋರಿಸೋಣವೆಂದು ಒಂದರ ತುದಿಯನ್ನು ಇನ್ನೊಂದರ ತುದಿಗೆ ಸೇರಿಸಿ, ಸಾಲಾಗಿ ತಂತಿ ಕಟ್ಟಿಸಿದೆ. ಮಾವ ಮೀಟರ್ ನೋಡಿದರು. ಒಂದೇ ಪ್ಲೇಟಿದ್ದಾಗ ಬ್ಯಾಟರಿಗೆ ಎಷ್ಟು ಕರೆಂಟು ಹೋಗುತ್ತಿತ್ತೋ ಎರಡಿದ್ದರೂ ಅಷ್ಟೇ! ಅವರು ನನ್ನ ಮುಖವನ್ನು ಒಂದು ನಿಮಿಷ ದಿಟ್ಟಿಸಿದರು.

‘ಲೇ ಅಳಿಯಾ, ಒಂದೆತ್ತಿನ ಬಾಲಕ್ಕ ಇನ್ನೊಂದೆತ್ತು ಕಟ್ಟಿದ್ರ ಗಾಡಿ ಹೆಂಗ ಎಳಿತಾವು? ನೊಗಕ್ಕ ಕಟ್ಟಬೇಕು, ಮಗ್ಗಲಕ್ಕ ಮಗ್ಗಲ.’

ಕೆಂಪು ತಂತಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ ಜೋಡಿ ಕಟ್ಟಿದರು. ಮೀಟರಿನ ಮುಳ್ಳು ಜಿಗಿಯಿತು. ಆ ಪಾಠವನ್ನು ಮುಂದೆ ಇಪ್ಪತ್ತು ವರ್ಷ ನಾನು ಎತ್ತುಗಳ ಚಿತ್ರ ಬರೆದೇ ಹೇಳಿಕೊಟ್ಟೆ. ಯಾರಿಂದ ಕಲಿತೆ ಎಂದು ಮಾತ್ರ ಹೇಳಲಿಲ್ಲ.

ಅತ್ತೆಯನ್ನು ಕೂರಿಸುವ ಮೊದಲು ಪರೀಕ್ಷೆಯಾಗಬೇಕಲ್ಲ? ಅತ್ತೆಯ ಮಂಚದ ಮೇಲೆ ನನ್ನನ್ನು ಮಲಗಿಸಿ ಕೊಟ್ಟೂರಿಗೆ ಹೊರಟರು. ದಾರಿಯಲ್ಲಿ ಒಳ್ಳೊಳ್ಳೆಯ ಬೇವಿನ ಮರಗಳು ಬಂದವು, ಹೋದವು. ಮಾವ ನಿಲ್ಲಿಸಿದ್ದು ಒಂದು ಬಟಾಬಯಲಿನಲ್ಲಿ! ನೆರಳಿದ್ದರೆ ಕರೆಂಟು ಬರುವುದು ಹೇಗೆ? ತಲೆಯ ಮೇಲೆ ಪ್ಲೇಟುಗಳು ಭರ್ಜರಿ ಕೆಲಸ ಮಾಡಿದವು, ಫ್ಯಾನು ಭರ್ಜರಿಯಾಗಿ ತಿರುಗಿತು, ಬೀಸಿದ್ದು ಮಾತ್ರ ಒಲೆಯ ಝಳ. ಹಿಂದೆ ಬನ್ನು ಸಾಗಿಸುತ್ತಿದ್ದ ವ್ಯಾನಿನಲ್ಲಿ ಆವತ್ತು ನಾನೇ ಬೆಂದೆ. ಸುತ್ತ ಜನ ಸೇರಿದರು. ಒಬ್ಬ ರೈತನಿಗೆ ಈ ಪ್ಲೇಟು ಸುತ್ತಲಿನ ಬಿಸಿಲನ್ನೆಲ್ಲ ಹೀರಿಕೊಂಡರೆ ತನ್ನ ಸಜ್ಜೆಗೆ ಏನು ಗತಿ ಎಂಬ ಚಿಂತೆ. ಮಾವ ನಗಲಿಲ್ಲ. ನಿಮ್ಮ ಹೊಲದ ಬಿಸಿಲು ಮುಟ್ಟುವುದಿಲ್ಲ, ನನ್ನ ಗಾಡಿಯ ಮೇಲೆ ಬಿದ್ದದ್ದನ್ನಷ್ಟೇ ತೆಗೆದುಕೊಳ್ಳುತ್ತೇನೆ ಎಂದು ಅವನಿಗೆ ಮಾತು ಕೊಟ್ಟರು.

ಊರಿಗೆ ಬಂದವರೇ ಪ್ಲೇಟುಗಳನ್ನು ಬಿಚ್ಚಿ ಇಳಿಸುವ ಹಾಗೆ ಮಾಡಿ, ಉದ್ದನೆಯ ದಪ್ಪ ವೈರು ತಂದರು. ವ್ಯಾನು ನೆರಳಿಗೆ, ಪ್ಲೇಟು ಬಿಸಿಲಿಗೆ. ಇಷ್ಟು ಸರಳ ಉಪಾಯ ಬಿ.ಎಸ್‌ಸಿ. ಓದಿದ ನನಗೆ ಹೊಳೆದಿರಲಿಲ್ಲ!

ಸೋಮವಾರ ಹೊರಡುವುದೆಂದು ನಿಶ್ಚಯವಾಯಿತು. ಆದರೆ ಅಂದು ಬೆಳಿಗ್ಗೆ ಫ್ಯಾನು ತೂಕಡಿಸತೊಡಗಿತು. ಮಾವ ಒಂದೊಂದು ತಂತಿಯನ್ನೂ ಬಿಚ್ಚಿ ಕಟ್ಟಿದರು. ಬ್ಯಾಟರಿ ಬದಲಿಸಿದರು. ಹೊಸ ಬ್ಯಾಟರಿಯೂ ಎರಡೇ ದಿನಕ್ಕೆ ಸೊರಗಿತು. ವಾರ ಕಳೆಯಿತು. ಹಂಪಸಾಗರದಿಂದ ಇನ್ನೊಂದು ಕಾಗದ ಬಂತು, ಈಗ ಬಾಗಿಲು ಯಾವುದು ಗೋಡೆ ಯಾವುದು ತಿಳಿಯುತ್ತಿಲ್ಲವೆಂದು. ಕಟ್ಟಿಟ್ಟ ಗಂಟನ್ನು ಅತ್ತೆ ಸುಮ್ಮನೆ ಬಿಚ್ಚಿ ಸೀರೆಗಳನ್ನು ಒಳಗಿಟ್ಟರು. ಮಾವ ಊಟ ಬಿಟ್ಟರು.

ಭಾನುವಾರ ನಾನು ಹೋಗಿ ವ್ಯಾನಿನ ಮೇಲೆ ಹತ್ತಿ ನೋಡುತ್ತೇನೆ, ಎರಡೂ ಪ್ಲೇಟುಗಳಿಗೆ ಅಡ್ಡಡ್ಡಲಾಗಿ ಅಂಗೈ ಅಗಲದ ಮೂರು ಮೂರು ಪಟ್ಟೆ ವಿಭೂತಿ! ಗಿರಣಿಯಲ್ಲಿ ಮೋಟಾರಿನಿಂದ ಹಿಡಿದು ತಕ್ಕಡಿಯವರೆಗೆ ದುಡಿಯುವ ವಸ್ತುವಿಗೆಲ್ಲ ದಿನಾ ಬೆಳಿಗ್ಗೆ ವಿಭೂತಿ ಹಚ್ಚುವ ಕೈ ಅದು, ಪ್ಲೇಟನ್ನು ಬಿಡುತ್ತದೆಯೇ? ಒಣಗಿದ ಮೇಲೆ ಮತ್ತೆ ಹಚ್ಚಿ, ಅದರ ಮೇಲೆ ಮತ್ತೆ ಹಚ್ಚಿ, ಗೋಡೆಗೆ ಸುಣ್ಣ ಬಳಿದಂತಾಗಿತ್ತು. ಟವೆಲ್ ಹೊದಿಸಿ ಪರೀಕ್ಷೆ ಮಾಡಿದವರೇ ಅವರು. ಆದರೆ ಟವೆಲ್ಲು ನೆರಳು, ನಿಜ. ವಿಭೂತಿಯನ್ನು ಯಾರಾದರೂ ನೆರಳು ಅನ್ನುತ್ತಾರೆಯೇ?

ಒರೆಸಬೇಕು ಎಂದೆ. ಮಾವ ಒದ್ದೆ ಬಟ್ಟೆ ಹಿಡಿದು ನಿಂತೇಬಿಟ್ಟರು. ಜೀವಮಾನದಲ್ಲಿ ವಿಭೂತಿ ಹಚ್ಚಿದ ಕೈಯೇ ಹೊರತು ಅಳಿಸಿದ ಕೈಯಲ್ಲ. ಒಂದು ಕಡೆ ಶಿವ, ಇನ್ನೊಂದು ಕಡೆ ಹೆಂಡತಿ. ಒಳಗಿನಿಂದ ಅತ್ತೆಯ ದನಿ ಬಂತು.

‘ಶಿವನೂ ವಿಭೂತಿ ಹಣಿಗೆ ಹಚ್ಕೊಂತಾನ್ರಿ, ಕಣ್ಣಿಗೆ ಹಚ್ಕೊಳ್ಳಂಗಿಲ್ಲ. ಆ ಪ್ಲೇಟಿಗೆ ಮೈಯೆಲ್ಲಾ ಕಣ್ಣ ಐತಿ. ಅಂಚಿಗೆ ಹಚ್ರಿ, ಸಾಕು.’

ಮಾವ ಗಾಜು ಒರೆಸಿದರು. ಅಲ್ಯೂಮಿನಿಯಂ ಅಂಚಿಗೆ ಬೆರಳ ತುದಿಯಷ್ಟು ಹಚ್ಚಿ ಕೈ ಮುಗಿದರು. ಅರ್ಧ ಗಂಟೆಯಲ್ಲಿ ಫ್ಯಾನು, ವ್ಯಾನಿನ ಮಂಚಕ್ಕೆ ಬಂದು ಕುಳಿತ ಅತ್ತೆಯ ಮುಂಗುರುಳು ಹಾರಿಸತೊಡಗಿತು. ಮೂರನೇ ದಿನ ಮುಂಜಾನೆ ನಾವು ಮೂವರೂ ಹೊರಟೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಗೆ ಮುಖವಿಟ್ಟು, ಯಾವ ಊರು, ಯಾವ ಹಳ್ಳ, ಇಲ್ಲೊಂದು ಆಲದ ಮರ ಇತ್ತಲ್ಲ ಎಂದು ಚಿಕ್ಕ ಹುಡುಗಿಯಂತೆ ಕೇಳುತ್ತಲೇ ಇದ್ದರು.

ಹಂಪಸಾಗರದಲ್ಲಿ ಅಕ್ಕನ ಮನೆಯ ಮುಂದಿನ ಬೇವಿನ ಕೆಳಗೆ ವ್ಯಾನು ನಿಂತಿತು. ಪ್ಲೇಟುಗಳು ಮಾಳಿಗೆಯ ಮೇಲೆ, ಒಣಹಾಕಿದ ಮೆಣಸಿನಕಾಯಿಗಳ ನಡುವೆ ಜಾಗ ಹಿಡಿದವು. ನಾನೂ ಮಾವನೂ ಅಕ್ಕನನ್ನು ಎತ್ತಿ ತಂದು ಮಂಚದ ಮೇಲೆ ಕೂರಿಸಿದೆವು. ಆಕೆ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ತೀರ ಹತ್ತಿರಕ್ಕೆ ತಂದುಕೊಂಡು ನೋಡಿದರು. ಎಷ್ಟು ಕಂಡಿತೋ. ‘ಕೂದಲ ಬೆಳ್ಳಗಾಗ್ಯಾವಲ್ಲಬೇ’ ಎಂದರು. ಆಮೇಲೆ ಇಬ್ಬರೂ ಅತ್ತರು, ನಕ್ಕರು, ಮತ್ತೆ ಅತ್ತರು.

ಮಾವ ಎರಡು ವಾರದಿಂದ ನೆಟ್ಟಗೆ ಮಲಗಿರಲಿಲ್ಲ. ಊಟವಾದದ್ದೇ ಮಂಚದ ಪಕ್ಕ ಚಾಪೆ ಹಾಸಿಕೊಂಡು ನಿದ್ದೆ ಹೋದರು. ನಾನು ಬಾಗಿಲಲ್ಲಿ ಕುಳಿತು ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಹೇಗೆಲ್ಲ ಹೇಳಿ ನಗಿಸಬೇಕೆಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ನೋಡುತ್ತೇನೆ, ನಿದ್ದೆಯಲ್ಲೇ ಮಾವನ ಬಲಗೈ ಮೆಲ್ಲಗೆ ಅತ್ತಿತ್ತ ಆಡುತ್ತಿದೆ. ಚಾಪೆಯ ಸದ್ದು ಅಕ್ಕನ ಕಿವಿಗೆ ಬಿತ್ತು.

‘ಏನ್ ಮಾಡಾಕತ್ಯಾರ ನಿನ್ ಗಂಡ?’

‘ನನಗ ಗಾಳಿ ಬೀಸಾಕತ್ಯಾರ ಅಕ್ಕಾ’ ಎಂದರು ಅತ್ತೆ. ‘ಕರೆಂಟ್ ಹೋದಾಗೆಲ್ಲ ಹನ್ನೊಂದು ವರ್ಷ ಬೀಸ್ಯಾರ. ನಿದ್ದಿಯಾಗೂ ಕೈ ನಿಲ್ಲಂಗಿಲ್ಲ.’

ನನಗೆ ಸ್ಟಾಫ್ ರೂಮು ಮರೆತೇಹೋಯಿತು. ಅತ್ತೆ ಬಗ್ಗಿ ಆ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ‘ಸಾಕ್ರಿ, ಫ್ಯಾನ್ ತಿರುಗಾಕತ್ತೈತಿ. ನೀವು ಮಲಕ್ಕೊಳ್ರಿ’ ಎಂದರು. ಆ ಕೈ ಮಡಿಲಲ್ಲಿ ಇನ್ನೂ ಎರಡು ಸಲ ಆಡಿ, ನಿಂತಿತು.