ನಕ್ಷೆ ಓದುವ ಬೆದರುಬೊಂಬೆ

"ಹೊಂಬಾಳಯ್ಯ, ಕಣ್ಣು ಬಿಟ್ಕೊಂಡು ನೋಡು! ಇಂಥಾದ್ದು ಈ ಹೋಬಳೀಲೇ ಇಲ್ಲ!" ಅಂದ ಪಕ್ಕದ ಮನೆಯ ಕಾಳಿಂಗ.

ನೋಡಿದೆ. ಅವನ ಅಂಗಳದಲ್ಲಿ ನಿಂತಿದ್ದದ್ದು ನನ್ನ ರಾಗಿ ಹೊಲದ ಬೆದರುಬೊಂಬೆ! ಮಡಕೆ ತಲೆ ಅದೇ, ಹರಕು ಅಂಗಿಯೂ ನನ್ನದೇ. ಸೊಂಟದ ಕೆಳಗೆ ಮಾತ್ರ ಟಿಲ್ಲರಿನ ಕಬ್ಬಿಣದ ಚಕ್ರಗಳು, ಹೊಟ್ಟೆಯೊಳಗೆ ಟ್ರ್ಯಾಕ್ಟರ್ ಬ್ಯಾಟರಿ, ಮಡಕೆಯೊಳಗೆ ಒಂದು ಹಳೇ ಸ್ಮಾರ್ಟ್‌ಫೋನು, ಬಲಗೈಗೆ ತೋರುಬೆರಳಾಗಿ ಒಂದಡಿ ಪೈಪು. ಕಾಳಿಂಗ ನಲವತ್ತು ವರ್ಷದಿಂದ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು. ಅವನ ಕೈಗೆ ಸಿಕ್ಕ ಯಾವ ವಸ್ತುವೂ ಹಳೇ ಕೆಲಸಕ್ಕೆ ಮರಳಿದ್ದಿಲ್ಲ.

"ಕೇಳದೇ ಹೊತ್ಕೊಂಡು ಬಂದೆಯೇನಯ್ಯಾ?"

"ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ."

"ಮತ್ತೆ!"

ಒಂಬತ್ತನೇ ಕ್ಲಾಸಿನ ಅವನ ಮೊಮ್ಮಗಳು ಸಿಂಚನ ವಿಷಯ ಬಿಡಿಸಿ ಹೇಳಿದಳು. ಶಾಲೆಯ ಗೇಟಿನ ಮುಂದೆ ಒಂದು ತಿಂಗಳಿಂದ ಚರಂಡಿ ನೀರು ನಿಂತಿದೆ. ಅಂಗನವಾಡಿ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತವೆ, ಇಬ್ಬರು ಜಾರಿಯೂ ಬಿದ್ದರು. ಶನಿವಾರ ಮಕ್ಕಳ ಗ್ರಾಮಸಭೆ. ಅಷ್ಟರಲ್ಲಿ ಚರಂಡಿ ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕಿ ತೋರಿಸುವುದೇ ಇವರ ಸಮಾಜ ವಿಜ್ಞಾನದ ಪ್ರಾಜೆಕ್ಟು. ಮೇಡಂ ಆನ್‌ಲೈನಿನಲ್ಲಿ ಊರಿನ ನಕ್ಷೆ ಮಾಡಿಸಿ ಊರಿನ ಗ್ರೂಪಿಗೆ ಹಾಕಿದ್ದಾರೆ. ರಸ್ತೆಗೋ ಚರಂಡಿಗೋ ಅಡ್ಡ ಇರುವಲ್ಲಿ ಯಾರು ಬೇಕಾದರೂ ಕೆಂಪು ಗುರುತು ಹಾಕಬಹುದು. ತಪ್ಪಾಗಿದ್ದರೆ ಸರಿಸಲೂಬಹುದು.

"ಯಾರು ಬೇಕಾದ್ರೂನಾ?"

"ಹೂಂ ತಾತ, ಅದು ಎಲ್ಲರ ನಕ್ಷೆ!"

ನನಗೆ ಅಲ್ಲೇ ಅನುಮಾನ ಬಂತು. ಎಲ್ಲರಿಗೂ ಒಳ್ಳೇದಾಗ್ತದೆ ಅಂತ ಬರೆದುಕೊಂಡು ಹೋದವರೇ ಹೋದ ವರ್ಷ ನಮ್ಮ ಬೀದಿಯ ನಾಲ್ಕು ರೇಷನ್ ಕಾರ್ಡು ರದ್ದು ಮಾಡಿಸಿದ್ದರು.

"ಫೋನಲ್ಲಿದ್ರೆ ನಮ್ಮ ಜನ ನೋಡಲ್ಲ," ಅಂದ ಕಾಳಿಂಗ. "ಗುರುತು ಬಿದ್ದ ಕಡೆ ನನ್ನ ಬೊಂಬೆ ಹೋಗಿ ಬೆರಳು ತೋರಿಸ್ತದೆ. ಮನೆ ಮುಂದೆ ಬಂದು ನಿಂತ್ರೆ ನೋಡಲೇಬೇಕಲ್ಲ!"

ನನ್ನ ಅನುಮಾನಕ್ಕೆ ಇನ್ನೊಂದು ಕಾರಣವಿತ್ತು. ಬೇಸಿಗೆಯಲ್ಲಿ ಮನೆ ಮುಂದೆ ಜಗಲಿ ಕಟ್ಟಿಸಿದ್ದೆ, ಚರಂಡಿಯ ಮೇಲೆಯೇ. ಕೆಳಗಿಂದ ಹಾವು ಬರದಿರಲೆಂದು ಮೂರು ಮಂಕರಿ ಕಲ್ಲುಮಣ್ಣು ತುಂಬಿ, ಮೇಲೆ ಚಪ್ಪಡಿ ಹಾಸಿದ್ದೆ. ನನ್ನನ್ನೂ ನನ್ನ ಹೆಂಡತಿ ದೇವೀರಮ್ಮನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಚರಂಡಿಯ ಮಾತು ಬಂದಾಗಲೆಲ್ಲ ಅವಳಿಗೆ ಕೆಮ್ಮು ಬರುತ್ತಿತ್ತು. ನೀರು ಹೇಗೋ ದಾರಿ ಮಾಡಿಕೊಳ್ಳುತ್ತೆ ಅಂದುಕೊಂಡಿದ್ದೆ. ಮಾಡಿಕೊಂಡಿತ್ತು, ಶಾಲೆಯ ಗೇಟಿಗೆ.

ಮೊದಲ ಗುರುತು ಬಿದ್ದದ್ದು ಮರಿಸ್ವಾಮಿಯ ತಿಪ್ಪೆಗೆ. ತಿರುವುಗಳಲ್ಲಿ ಸಿಂಚನ ಹಿಡಿದು ತಿರುಗಿಸುತ್ತಿದ್ದಳು, ಬೊಂಬೆ ಗರ್ರನೆ ಹೋಗಿ ಬೆರಳು ಚಾಚಿತು.

"ನಮ್ಮನೇದೇ ಕಂಡಿದ್ದಾ ಇದಕ್ಕೆ? ಇದರ ಹಿಂದೆ ಯಾರೋ ಅವ್ರೆ!" ಅಂದ ಮರಿಸ್ವಾಮಿ, ಮಗನ ಫೋನು ಕಿತ್ತುಕೊಂಡು ಗುರುತನ್ನು ಹಾಲಿನ ಡೈರಿಗೆ ಸರಿಸಿದ. ಬೊಂಬೆ ಡೈರಿಗೆ ತಿರುಗಿತು. ಡೈರಿಯವರು ಅದನ್ನು ಗಿರಣಿಗೆ ಸರಿಸಿದರು. ಗಿರಣಿಯವರು ಬಿಡುತ್ತಾರೆಯೇ? ಎಷ್ಟು ಕರೆದರೂ ಗ್ರಾಮಸಭೆಗೆ ಕೋರಂ ಸಿಗದ ಊರು ನಮ್ಮದು. ಅಂಥ ಊರು ಎರಡು ದಿನ ನಕ್ಷೆ ಬಿಟ್ಟು ಏಳಲಿಲ್ಲ! ಬೊಂಬೆ ಊರು ಸುತ್ತಿ ಸುತ್ತಿ, ನಾಯಿಗಳು ಬೊಗಳಲಾರದೆ ಗಂಟಲು ಕಟ್ಟಿ ಮಲಗಿದವು.

ಶುಕ್ರವಾರ ಬೆಳಗ್ಗೆ ಬಾಗಿಲು ತೆಗೆದರೆ ನನ್ನ ಜಗಲಿಯ ಮುಂದೆಯೇ ನಿಂತಿದೆ! ಬೆರಳು ಸರಿಯಾಗಿ ಚಪ್ಪಡಿಯ ಮೇಲೆ. ಹಿಂದೆ ಸಿಂಚನ, ಕಾಳಿಂಗ, ಮರಿಸ್ವಾಮಿ.

"ತಾತ, ಇಲ್ಲಿಂದ ಮೇಲೆ ನೀರು ನಿಂತಿದೆ, ಕೆಳಗೆ ಚರಂಡಿ ಒಣಗಿದೆ. ಜಗಲಿ ಕೆಳಗೆ ಏನಿದೆ?"

"ನೆಲ ಇದೆ."

ಒಳಗೆ ದೇವೀರಮ್ಮ ಕೆಮ್ಮಿದಳು.

"ಯಾರು ಹಾಕಿದ್ದು ಈ ಗುರುತು?"

"ಅದು ಹೆಸರು ತೋರಿಸಲ್ಲ ತಾತ."

ಮರಿಸ್ವಾಮಿಯನ್ನು ದಿಟ್ಟಿಸಿದೆ. ಅವನು ಮೋಡ ನೋಡುತ್ತಿದ್ದ. ನನ್ನದು ಬಟನ್ ಫೋನು, ಅದಕ್ಕೇ ಒಳಗೆ ಓಡಿ ದೇವೀರಮ್ಮನದು ಕೇಳಿದೆ.

"ಕೆಂಪು ಚುಕ್ಕೇನ ಒತ್ತಿ ಹಿಡ್ಕಳಿ, ಆಮೇಲೆ ಎಳೀರಿ," ಅಂದಳು.

"ನಿನಗೆ ಹೆಂಗೆ ಗೊತ್ತು?"

"ಯಾರೋ ಹೇಳಿದ್ರು."

ಎಳೆದು ಕೆರೆಯ ನಡುವೆ ಬಿಟ್ಟೆ. ಕೆರೆಯಿಂದ ಯಾರೂ ಜಗಳಕ್ಕೆ ಬರುವುದಿಲ್ಲ. ಊರವರೆಲ್ಲ ಕಾದು ಕೂತಿದ್ದರೋ ಏನೋ, ಕಣ್ಣು ಮಿಟುಕಿಸುವಷ್ಟರಲ್ಲಿ ಅವರವರ ಮನೆ ಮುಂದಿದ್ದ ಗುರುತುಗಳೂ ಸೇರಿ ಹನ್ನೊಂದೂ ಕೆರೆಗೆ ಬಿದ್ದವು!

"ಅಯ್ಯೋ ತಾತ!" ಹೊರಗಿಂದ ಸಿಂಚನ ಕೂಗಿದಳು. "ಅದಕ್ಕೆ ರಸ್ತೆ ಗೊತ್ತಿಲ್ಲ! ನೇರ ಗೀಟು ಮಾತ್ರ!"

ಕೆರೆ ಇರುವುದು ನನ್ನ ಮನೆಯ ಹಿಂದೆ. ಬೊಂಬೆ ಬೆರಳನ್ನು ನನ್ನ ಬಾಗಿಲಿಗೆ ಗುರಿಯಿಟ್ಟು ಜಗಲಿ ಹತ್ತಿತು. ಚಪ್ಪಡಿ ಫಟ್ಟೆಂದು ಎರಡಾಯಿತು! ಎಡಗಡೆ ಚಕ್ರ ಚರಂಡಿಗೆ ಇಳಿದು ಅಲ್ಲೇ ಗಿರಗಿರ ತಿರುಗಿತು. ಮೂರು ಮಂಕರಿ ಕಲ್ಲುಮಣ್ಣೂ ಎದ್ದು ಗೋಡೆಗೆ, ಒಲೆಗೆ, ನನ್ನ ಮುಖಕ್ಕೆ!

"ಆಫ್ ಮಾಡೋ ಕಾಳಿಂಗ!"

"ಆಫ್ ಇಟ್ಟಿಲ್ಲ ಕಣೋ, ಬ್ಯಾಟರಿ ಮುಗಿದಾಗ ತಾನೇ ನಿಲ್ತದೆ! ಅಬ್ಬಾ, ಹೂಳು ಎಷ್ಟು ಚೆಂದ ಎತ್ತುತದೆ! ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ!"

ಶಾಲೆಯ ಮುಂದೆ ತಿಂಗಳಿಂದ ನಿಂತಿದ್ದ ನೀರು ಬುಳುಬುಳು ಎನ್ನುತ್ತ ನಮ್ಮ ಕಾಲ ಬುಡದಲ್ಲೇ ಹರಿದುಹೋಯಿತು. ಮಧ್ಯಾಹ್ನ ಅಂಗನವಾಡಿ ಮಕ್ಕಳು ಚಪ್ಪಲಿ ಮೆಟ್ಟಿಕೊಂಡೇ ಗೇಟು ದಾಟಿದವು.

ಶನಿವಾರ ಮಕ್ಕಳ ಗ್ರಾಮಸಭೆಯಲ್ಲಿ ಸಿಂಚನ ವರದಿ ಓದಿದಳು: "ಹೊಂಬಾಳಯ್ಯನವರು ತಮ್ಮ ಜಗಲಿಯನ್ನು ತೆರವು ಮಾಡಿ ಸಹಕರಿಸಿದರು." ಚಪ್ಪಾಳೆ ಬಿತ್ತು. ಎದ್ದು ಕೈಮುಗಿದೆ. ಇನ್ನೇನು ಮಾಡಲಿ?

ಗುರುತು ಹಾಕಿದವರು ಯಾರೆಂದು ಇನ್ನೂ ಗೊತ್ತಾಗಿಲ್ಲ. ಮರಿಸ್ವಾಮಿ ತಾನಲ್ಲ ಎಂದು ಆಣೆ ಇಟ್ಟಿದ್ದಾನೆ. ದೇವೀರಮ್ಮನಿಗೆ ಮಾತ್ರ ಆವತ್ತಿನಿಂದ ಕೆಮ್ಮು ನಿಂತಿದೆ.