ಏಣಿ ಒದ್ದ ಮೇಲೆ

ಇಂಗ್ಲಿಷಿನಲ್ಲಿ ‘ಕ್ಲೈಂಬ್ ಡೌನ್’ ಎನ್ನುತ್ತೇವೆ. ಮರದಿಂದ ಕೆಳಗಿಳಿದರೂ ಅದೇ ಮಾತು, ಹಟ ಬಿಟ್ಟು ಸೋಲೊಪ್ಪಿಕೊಂಡರೂ ಅದೇ ಮಾತು. ಮೊದಲನೆಯದಕ್ಕೆ ಗಟ್ಟಿ ಮೊಣಕಾಲು ಬೇಕು, ಎರಡನೆಯದಕ್ಕೆ ದಪ್ಪ ಚರ್ಮ. ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ನಾನು ಎರಡನೆಯದನ್ನು ಮಾಡಿದವನಲ್ಲ. ಆ ಶನಿವಾರ ಮೊದಲನೆಯದೂ ಕೈಕೊಟ್ಟಿತು.

ಜಗಳ ನಮ್ಮ ಹಿತ್ತಿಲಿನ ಚೆರ್ರಿ ಮರದ್ದು. ಹಣ್ಣು ತಿಂದ ಹಕ್ಕಿಗಳು ನನ್ನ ಹೆಂಡತಿ ವಿನ್ನಿ ಒಣಹಾಕಿದ ಬಿಳಿ ಹೊದಿಕೆಗಳ ಮೇಲೆ ನೇರಳೆ ಬಣ್ಣದ ಹಿಕ್ಕೆ ಹಾಕುತ್ತವೆ. ಮರ ಹೋಗಬೇಕೆಂದು ಅವಳು ತೀರ್ಮಾನಿಸಿ, ಮರ ಕಡಿಯುವ ಗ್ಯಾರೆತ್‌ನನ್ನು ಕರೆಸಿದಳು. (ನನ್ನನ್ನು ಕೇಳಿದಳೇ? ಹೆದ್ದಾರಿ ಮಾಡುವವರೂ ಹೀಗೆಯೇ.) ಹೆದ್ದಾರಿಗಾಗಿ ಕಾಡು ಕಡಿಯಲು ಬಂದ ಸರ್ಕಾರವನ್ನೇ ಹನ್ನೊಂದು ವಾರ ಓಕ್ ಮರದ ಮೇಲೆ ಕೂತು ತಡೆದವನು ನಾನು. ಗ್ಯಾರೆತ್‌ನ ವ್ಯಾನು ಬೀದಿಗೆ ತಿರುಗುತ್ತಲೇ ಏಣಿ ಹಾಕಿ ಹತ್ತಿದೆ. ಹತ್ತಿದವನೇ, ಹಳೇ ಹೋರಾಟದ ನಿಯಮದಂತೆ, ಏಣಿಯನ್ನು ಒದ್ದು ಬೀಳಿಸಿದೆ. ಪೊಲೀಸರು ಅದನ್ನೇ ಹತ್ತಿ ಬರಬಾರದಲ್ಲ. ಅದು ವಿನ್ನಿ ಟೊಮೆಟೊ ಬೆಳೆಯುವ ಗಾಜಿನ ಗೂಡಿನ ಮೇಲೆ ಬಿತ್ತು. ಗಾಜೂ ಒಡೆಯಿತು, ಏಣಿಯೂ ಎರಡಾಯಿತು.

ಆಮೇಲೆ ನೆನಪಾಯಿತು: ಓಕ್ ಮರದಲ್ಲಿ ನನ್ನ ಬಳಿ ಹಗ್ಗವಿತ್ತು. ಪ್ರಾಯವೂ ಇತ್ತು.

ವಿನ್ನಿ ಹೊರಬಂದಳು. “ಏನೋ ಅಲೆಕ್, ಇಳೀತೀಯೋ ಇಲ್ವೋ?”

“ಇಳಿಯೋ ಮಾತೇ ಇಲ್ಲ. ಮರ ಕಡಿಸಲ್ಲ ಅಂತ ಮಾತು ಕೊಡು.”

ಅವಳು ಗಾಜಿನ ಚೂರು ನೋಡಿದಳು. ಮುರಿದ ಏಣಿ ನೋಡಿದಳು.

“ಸರಿ ಕಣೋ. ನಿನ್ನ ಬಾಯಿಂದಲೇ ಹೂಂ ಅಂತ ಬರದೆ ಒಂದು ಕೊಂಬೇನೂ ಕಡಿಸಲ್ಲ. ನೀನೇ ಗೆದ್ದೆ” ಎಂದು ಒಳಗೆ ಹೋದಳು.

ನಲವತ್ತು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಬೇಗ ಸೋತದ್ದಿಲ್ಲ. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ; ತಲೆಯ ತುಂಬ ಮೊಣಕಾಲೇ ಇತ್ತು. ಎಡಗಾಲು ಮಡಚಿದ್ದು ಮಡಚಿದಂತೆಯೇ ಹಿಡಿದುಕೊಂಡಿತ್ತು. ಉಸಿರೆಳೆದಾಗಲೆಲ್ಲ ಕೂತ ಕೊಂಬೆ ಕಿರ್ರೆನ್ನುತ್ತಿತ್ತು. ಬೆಳಗ್ಗೆ ಕುಡಿದ ಮೂರು ಬಟ್ಟಲು ಚಹಾ ಹೊಟ್ಟೆಯ ಕೆಳಗೆ ತನ್ನದೇ ಪ್ರತ್ಯೇಕ ಚಳವಳಿ ಹೂಡಿತ್ತು. ಸಾಲದ್ದಕ್ಕೆ ತುಂತುರು. ಕ್ರಾಂತಿಕಾರಿಯೊಬ್ಬ ಸ್ವಂತ ಹಿತ್ತಿಲಿನಲ್ಲಿ ಚಡ್ಡಿ ಒದ್ದೆ ಮಾಡಿಕೊಂಡನೆಂದು ಊರು ಆಡಿಕೊಳ್ಳುವುದೇ?

ವಿನ್ನಿ ಕಿಟಕಿಯಿಂದ ಇಣುಕಿದಳು. “ಇನ್ನೂ ಅಲ್ಲೇ ಇದೀಯಾ? ಗೆದ್ದಾಯ್ತಲ್ಲ.”

“ವಿಜಯೋತ್ಸವ ಮಾಡ್ತಿದೀನಿ.”

“ಮಾಡು ಮಾಡು. ತಿಂಡಿಗೆ ಹುರಿದ ಬೇಕನ್ ಆರ್ತಾ ಇದೆ.”

ಇನ್ನೂ ಹತ್ತು ನಿಮಿಷ ತಡೆದೆ. “ವಿನ್ನೀ, ಮೊಣಕಾಲು ಹಿಡ್ಕೊಂಡಿದೆ ಕಣೇ. ಆ ಗ್ಯಾರೆತ್‌ಗೊಂದು ಫೋನ್ ಮಾಡ್ತೀಯಾ? ಅವನ ಏಣಿ ಬೇಕಿತ್ತು.”

ಫೋನು ಬೇಕಾಗಲಿಲ್ಲ. ಗ್ಯಾರೆತ್ ನಮ್ಮ ಅಡುಗೆಮನೆಯಿಂದಲೇ ಬಾಯಿ ಒರೆಸಿಕೊಳ್ಳುತ್ತ ಬಂದ. ತಿಂದದ್ದು ನನ್ನ ಪಾಲಿನ ಬೇಕನ್. ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ನಿಮ್ಮ ಏಣಿ ಸಪೂರ ಯಜಮಾನ್ರೇ, ಕೊಂಬೆ ಸಂದೀಲಿ ನುಸುಳಿತ್ತು. ನನ್ನದು ಅಗಲ. ಈ ಕಡೆ ಮೂರು ಕೊಂಬೆ ತೆಗೀಲೇಬೇಕು.”

ಅವನು ತೋರಿಸಿದ ಮೂರೂ ಬಟ್ಟೆ ಒಣಹಾಕುವ ಹಗ್ಗದ ಮೇಲೇ ಚಾಚಿದ್ದವು.

“ನಾನು ಮಾತು ಕೊಟ್ಟಿದೀನಪ್ಪ. ಅವನ ಬಾಯಿಂದಲೇ ಬರಬೇಕು” ಎಂದಳು ವಿನ್ನಿ.

“ಕಡಿ” ಎಂದೆ, ಮೆಲ್ಲಗೆ.

ಗರಗಸದ ಸದ್ದಿಗೆಂದು ಗ್ಯಾರೆತ್ ಆಗಲೇ ಕಿವಿ ಮುಚ್ಚಿಕೊಂಡಿದ್ದ. “ಏನಂದ್ರಿ?”

“ಕಡಿಯೋ ಮಾರಾಯ” ಎಂದು ಅಕ್ಕಪಕ್ಕದ ಮೂರು ಹಿತ್ತಿಲಿಗೆ ಕೇಳುವಂತೆ ಅರಚಿದೆ. ಹೋರಾಟದ ಬದುಕಿನಲ್ಲಿ ನನ್ನ ಘೋಷಣೆಯೊಂದು ತಕ್ಷಣ ಜಾರಿಯಾದದ್ದು ಅದೊಂದೇ ಸಲ.

ಇಳಿದು, ಮೊದಲು ಹೋಗಬೇಕಾದಲ್ಲಿಗೆ ಹೋಗಿಬಂದು, ಮೊಣಕಾಲಿನ ಮೇಲೆ ಫ್ರಿಜ್ಜಿನ ಬಟಾಣಿ ಪೊಟ್ಟಣ ಇಟ್ಟುಕೊಂಡು ಕೂತೆ.

“ಅಷ್ಟು ಸುಲಭಕ್ಕೆ ಯಾಕೆ ಒಪ್ಕೊಂಡೆ?”

“ಏಣಿ ಬಿದ್ದ ಸದ್ದು ಕೇಳಿಸ್ತಲ್ಲ” ಎಂದಳು ವಿನ್ನಿ, ಚಹಾ ಸುರಿಯುತ್ತ. “ಆ ಓಕ್ ಮರದ ಹತ್ರ ಏಣಿ ಒದಿಯೋದು ಕಲಿಸಿದ್ದು ನಾನೇ ಅಲ್ವೇನೋ? ಹಗ್ಗ ಕಟ್ಕೊಂಡು ಒದಿ ಅಂತಾನೂ ಹೇಳಿದ್ದೆ.”